ಅಮ್ಮನ ಫ್ರೆಂಚ್

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ನಾನು ಗಟ್ಟಿಮುಟ್ಟಾಗಿದ್ದೇನೆ. ಪತ್ರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆದು ಬರೆದು ಹರಿದು ಹಾಕಿದೆ. ವಿಷಯವೇ ಹಾಗಿದೆ, ಹೇಗೆ ಶುರುಮಾಡಿದರೂ ನಗು ಬರುತ್ತದೆ.

ಮೊನ್ನೆ ಫೋನಿನಲ್ಲಿ ಅಮ್ಮ ಅಂದ ಮಾತು ಕೇಳಿ ನೀನು ಲೈನ್ ಕಟ್ ಮಾಡಿದೆ. ನೀನು ಬಸ್ಸಿನ ಸ್ಟೇರಿಂಗ್ ಹಿಡಿದಾಗಿನಿಂದ ನಿನ್ನ ಜೊತೆ ಮಾತು ಬಿಟ್ಟಿದ್ದವಳು, ಬಾಯಿ ತೆರೆದ ಕೂಡಲೇ ಬೈದಳು ಅಂದುಕೊಂಡಿರಬೇಕು. ಅದು ನಿನಗೆ ಬೈದಿದ್ದಲ್ಲ ಮಗಳೇ. ಲಕ್ವ ಹೊಡೆದ ಮೇಲೆ ಅವಳ ಬಾಯಲ್ಲಿ ಸಲೀಸಾಗಿ ಬರುವುದು ಅದೊಂದೇ ಪದ. ಬರೆಯಲು ನನಗೆ ಕೈ ಬರುವುದಿಲ್ಲ. ಅಡ್ಡ ಬಂದ ಲಾರಿಯವನಿಗೆ ನೀವು ಡ್ರೈವರುಗಳು ಕಿಟಕಿಯಿಂದ ಕೂಗಿ ಹೇಳುತ್ತೀರಲ್ಲ, ಅದು. ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಬಸ್ ನಿಲ್ದಾಣದ ಮೈಕಿನಲ್ಲಿ ಜೀವಮಾನವಿಡೀ 'ಪ್ರಯಾಣಿಕರ ಗಮನಕ್ಕೆ' ಅಂದವಳು, ನಾನು 'ಥೂ' ಅಂದರೂ ಕಣ್ಣು ಕೆಕ್ಕರಿಸುತ್ತಿದ್ದವಳು.

ಅವಳಿಗೆ ಮಾತು ಕಲಿಸಲು ಆಸ್ಪತ್ರೆಯಿಂದ ಬರುವ ಹುಡುಗಿ ನಮಗೊಂದು ದಾರಿ ತೋರಿಸಿದಳು. "ಹೀಗಾಗೋದುಂಟು ಅಂಕಲ್. ಬೇರೆ ಮಾತೆಲ್ಲ ಒಳಗೇ ಸಿಕ್ಕಿಹಾಕಿಕೊಂಡಿರುತ್ತೆ, ಬೈಗುಳ ಮಾತ್ರ ತಪ್ಪಿಸ್ಕೊಂಡು ಆಚೆ ಬರುತ್ತೆ. ಯಾರಾದ್ರೂ ಬಂದಾಗ ಇಂಗ್ಲಿಷಿನವರ ಥರ 'ಫ್ರೆಂಚ್ ಮಾತಾಡಿದ್ದಕ್ಕೆ ಕ್ಷಮಿಸಿ' ಅಂದ್ಬಿಡಿ" ಅಂದಳು. ಬಾಯಿ ಜಾರಿ ಕೆಟ್ಟ ಮಾತು ಬಂದರೆ ಅವರು ಹಾಗೆನ್ನುತ್ತಾರಂತೆ. ಬೈಯುವುದು ತಾವು, ಗೂಬೆ ಕೂರಿಸುವುದು ಪಕ್ಕದ ದೇಶದವರ ಮೇಲೆ. ನನಗಂತೂ ಈ ಏರ್ಪಾಡು ಬಹಳ ಹಿಡಿಸಿತು.

ಅಂದಿನಿಂದ ಬಂದವರಿಗೆಲ್ಲ ಬಾಗಿಲಲ್ಲೇ, "ಇವಳ ಫ್ರೆಂಚ್ ಸ್ವಲ್ಪ ಕ್ಷಮಿಸಿ" ಅನ್ನುತ್ತೇನೆ. ಮೇಲಿನ ಮನೆಯಾಕೆ ನಿಜವೆಂದೇ ನಂಬಿ, "ಈ ವಯಸ್ಸಲ್ಲೂ ಹೊಸ ಭಾಷೆ ಕಲೀತಿದ್ದಾರಲ್ಲ, ಮೆಚ್ಚಬೇಕು" ಎನ್ನುತ್ತಾ ಒಳಗೆ ಬಂದರು. ಅಮ್ಮ ಅವರನ್ನು ಫ್ರೆಂಚಿನಲ್ಲೇ ಬರಮಾಡಿಕೊಂಡಳು. ಆಮೇಲೆ ಅವರು ಈ ಕಡೆ ತಲೆ ಹಾಕಿಲ್ಲ.

ಹೋದ ವಾರ ನಿಲ್ದಾಣದ ಹಳೇ ಮ್ಯಾನೇಜರು ಹಣ್ಣು ಹಿಡಿದುಕೊಂಡು ಬಂದಿದ್ದರು. ರಜೆ ಕೇಳಿದಾಗಲೆಲ್ಲ ಅವಳನ್ನು ಸತಾಯಿಸುತ್ತಿದ್ದ ಮಹಾಶಯರು ಅವರೇ. ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೈಕಿನ ಆ ದನಿಯಲ್ಲಿ, ಬಿಡಿಸಿ ಬಿಡಿಸಿ ಆ ಪದ ಹೇಳಿದಳು. ನಾನು ಫ್ರೆಂಚಿನ ಮಾತೇ ಮರೆತು ನಿಂತೆ. ಅವರು ಹಣ್ಣಿನ ಚೀಲ ಮೇಜಿನ ಮೇಲಿಟ್ಟು, "ಉಚ್ಚಾರಣೆ ಮಾತ್ರ ಒಂಚೂರೂ ಕೆಟ್ಟಿಲ್ಲ" ಅಂದರು. ಅಮ್ಮ ಅರ್ಧ ಮುಖದಲ್ಲೇ ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು, ನನಗೆ ಕಣ್ಣು ತುಂಬಿ ಬಂತು.

ನಿನ್ನ ಕೋಪ ನಿನ್ನದು, ನಾನು ನಡುವೆ ಬರುವುದಿಲ್ಲ. ಆದರೆ ಇನ್ನೊಂದು ಸಲ ಫೋನ್ ಮಾಡು. ರಸ್ತೆಯಲ್ಲಿ ಹುಷಾರು. ನೀನೂ ನಿನ್ನ ಬಸ್ಸಿನಲ್ಲಿ ಕೂತವರೂ ತಣ್ಣಗಿರಿ.

ನಿನ್ನ
ಅಪ್ಪ

ಇನ್ನೊಂದು ಮಾತು: ಸಂಜೆ ಫೋನ್ ಮಾಡುತ್ತೇನೆಂದು ನೀನು ಹೇಳಿದ್ದೆಯಲ್ಲ, ಅವತ್ತು ಬೆಳಿಗ್ಗೆಯಿಂದ ಅವಳು ಕನ್ನಡಿ ಮುಂದೆ ಕೂತು ಒಂದೇ ಒಂದು ಮಾತು ಅಭ್ಯಾಸ ಮಾಡುತ್ತಿದ್ದಳು, 'ಬಾ' ಎಂದು. ಮಧ್ಯಾಹ್ನದ ಹೊತ್ತಿಗೆ ಬಂದೂ ಬಿಟ್ಟಿತ್ತು. ನಿನ್ನ ದನಿ ಕೇಳಿದ್ದೇ ಗಾಬರಿಯಾಗಿ ಆ ಹಾಳು ಪದ ಮುಂದೆ ನುಗ್ಗಿತು. ನೀನು ಫೋನ್ ಇಟ್ಟ ಮೇಲೂ ಅವಳು ರಿಸೀವರ್ ಬಿಡಲಿಲ್ಲ. ಅದಕ್ಕೆ ಬಾಯಿ ಹಚ್ಚಿ, ತಪ್ಪಿಲ್ಲದೆ, "ಬಾ" ಅಂದಳು.