ಬೇಲಾ-ಬೇಲಾದಲ್ಲಿ ತಣ್ಣೀರು

ನನ್ನ ಜಲಜಾ,

ಡಾಕ್ಟರೇ ಅಂತ ಶುರು ಮಾಡಬೇಕಿತ್ತು. ಇಲ್ಲಿಯವರು ಸರ್ಜರಿ ಅನ್ನುವ ನಮ್ಮ ಕ್ಲಿನಿಕ್ಕಿನ ಒಳಕೋಣೆಯ ಜಿಪಿ ನೀನು, ಹೊರಗೆ ಫೋನು ಎತ್ತುವವಳು ನಾನು. ಆದರೆ ವರ್ಷಗಟ್ಟಲೆ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡವರ ನಡುವೆ ಬಿರುದು ಯಾಕೆ, ಬಿಂಕ ಯಾಕೆ? ನೀನು ಬದುಕಿದ್ದಾಗ ನಿನಗೆ ಬರೆದದ್ದೆಲ್ಲ ‘ಮಿಸೆಸ್ ಹಿಗ್ಗಿನ್ಸ್‌ಗೆ ಮತ್ತೆ ಕೆಮ್ಮು’ ಎಂಬಂಥ ಚೀಟಿಗಳೇ. ಕಾಗದ ಅಂತ ಬರೆಯುತ್ತಿರುವುದು ಇದೇ ಮೊದಲು.

ದಕ್ಷಿಣ ಆಫ್ರಿಕಾದ ಆ ಬಿಸಿನೀರಿನ ಊರು ನಿನ್ನದೇ ಹುಚ್ಚು. ಕೈಕಾಲಿನ ಗಿಣ್ಣುಗಳೆಲ್ಲ ಬಾತು ನಾನು ಪೆನ್ನು ಹಿಡಿಯಲಾಗದೆ ಕೂತಿದ್ದ ದಿನ ನೀನು ಟಿವಿಯಲ್ಲಿ ನೋಡಿ ಫೋನು ಮಾಡಿದ್ದೆ. “ಬೇಲಾ-ಬೇಲಾ ಅಂತೆ ಕಣೇ. ಅವರ ಭಾಷೇಲಿ ಕುದಿಯೋದು, ಕುದಿಯೋದು ಅಂತ. ಊರಿನ ಹೆಸರಲ್ಲೇ ಪ್ರಾಸ. ನಿನಗೇ ಅಂತ ಕಟ್ಟಿಸಿದ ಹಾಗಿದೆ, ನಡಿ.” ಇಬ್ಬರ ಟಿಕೆಟೂ ಆಯಿತು. ಅಷ್ಟರಲ್ಲಿ ನಿನ್ನ ಎದೆಯಲ್ಲಿ ನೀರು ತುಂಬಿ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆ ಸೇರಿದೆ. ನಾನು ಹೋಗುವುದಿಲ್ಲ ಅಂದಾಗ ಆಮ್ಲಜನಕದ ನಳಿಗೆ ಸರಿಸಿ ಬೈದೆ. “ಇಬ್ಬರೂ ಕೂತು ಕೊರಗೋಕೆ ಇದೇನು ಜೋಡಿ ಕಚೇರಿನಾ? ಹೋಗು. ನನ್ನ ಪಾಲಿಂದೂ ಸೇರಿಸಿ ಬೆಂದು ಬಾ.”

ಹೋದೆ.

ಜೋಹಾನ್ಸ್‌ಬರ್ಗ್ ದಾಟಿದ ಮೇಲೆ ಮುಳ್ಳುಮರಗಳ ಬಯಲು. ರಸ್ತೆ ಬದಿಯಲ್ಲಿ ಕಲ್ಲಂಗಡಿ ಗುಡ್ಡೆ, ಪಕ್ಕದಲ್ಲಿ ಕೊಡೆ ಹಿಡಿದು ತೂಕಡಿಸುವ ಹೆಂಗಸರು. ಫೆಬ್ರವರಿ ಅಲ್ಲಿ ಉರಿಬೇಸಿಗೆ. ಆ ಉರಿಯಲ್ಲೂ ಜನ ಬಿಸಿನೀರಿನ ಕೊಳದಲ್ಲಿ ಕತ್ತಿನವರೆಗೆ ಮುಳುಗಿ, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಸಾರಿನಲ್ಲಿ ಬಿದ್ದ ಬದನೆಕಾಯಿಗಳ ಹಾಗೆ ತೇಲುತ್ತಿದ್ದರು. ನಾನೂ ಇಳಿದೆ. ನೆಲದ ಹೊಟ್ಟೆಯಿಂದ ಬರುವ ನೀರಿಗೆ ಮೊಟ್ಟೆಯ ವಾಸನೆ ಇರುತ್ತದೆ ಅಂದಿದ್ದೆಯಲ್ಲ, ನನಗಂತೂ ಪಕ್ಕದಲ್ಲಿ ಸುಡುತ್ತಿದ್ದ ಮಾಂಸದ ವಾಸನೆಯಷ್ಟೇ ಬಂತು. ಇದನ್ನು ನಿನಗೆ ಹೇಳಿ ನಗಿಸಬೇಕು ಅಂದುಕೊಂಡು ಮೇಲೆ ಬಂದರೆ ಫೋನಿನಲ್ಲಿ ನಿನ್ನ ಮಗ ಗೌರವ್. “ಆಂಟಿ, ಅಮ್ಮ ಈಸ್ ಗಾನ್.”

ಮೈಯಿಂದ ಇನ್ನೂ ಹಬೆ ಏಳುತ್ತಿತ್ತು ಜಲಜಾ. ಅಳು ಬರಲಿಲ್ಲ. ಏನು ಮಾಡಲಿ, ಏನಾದರೂ ಮಾಡಬೇಕಲ್ಲ ಅಂದೆ. ಅವನು ಫೋನನ್ನು ನಿನ್ನ ಭಾವ ರಂಗನಾಥರ ಕೈಗೆ ಕೊಟ್ಟ. “ಸ್ನೇಹಿತರಿಗೆ ಸೂತಕ ಇಲ್ಲಮ್ಮ, ಅದೆಲ್ಲ ಮನೆಯವರಿಗೆ. ನಿಮಗೆ ಯಾವ ಕಟ್ಟೂ ಇಲ್ಲ, ಆರಾಮಾಗಿ ಹಾಲಿಡೇ ಮುಗಿಸಿಕೊಂಡು ಬನ್ನಿ,” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಲೀಡ್ಸಿನಿಂದ ಓಡಿಬಂದು ಎಲ್ಲ ಹೊತ್ತುಕೊಂಡ ಮನುಷ್ಯ. ಆದರೆ ನಿನ್ನ ಸಾವಿನಲ್ಲಿ ನನಗೆ ಸಿಕ್ಕ ಆ ರಿಯಾಯಿತಿ ಯಾರಿಗೆ ಬೇಕಿತ್ತು?

ಹತ್ತಿರದವರ ಸಾವಿನ ಸುದ್ದಿ ಕೇಳಿದರೆ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು. ನಮ್ಮಮ್ಮ ಒಲೆಯ ಮೇಲೆ ಹಂಡೆ ಕಾಯುತ್ತಿದ್ದರೂ ಅದನ್ನು ಮುಟ್ಟದೆ ಬಾವಿಕಟ್ಟೆಗೆ ನಡೆಯುತ್ತಿದ್ದಳು. ಅಷ್ಟಾದರೂ ಮಾಡೋಣ, ಯಾರಪ್ಪಣೆ ಬೇಕು ಅಂತ ರೂಮಿಗೆ ಬಂದು ನಲ್ಲಿ ತಿರುಗಿಸಿದೆ. ಬಿಸಿ. ನೀಲಿ ಗುರುತಿನದು ತಿರುಗಿಸಿದೆ. ಬಿಸಿಲಿಗೆ ಕಾದ ಪೈಪಿನಿಂದ ಅದೂ ಬಿಸಿ. ಅಂಗಳದ ನಲ್ಲಿಯೂ ಅದೇ. ಸಾವಿನ ಸ್ನಾನಕ್ಕೆ ನಾನು ಆರಿಸಿಕೊಂಡ ಊರು ನೋಡು! ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಟವೆಲು ಕೊಡುವ ಮಪುಲಾ ಎಂಬಾಕೆಯನ್ನು ಕೇಳಿದೆ. “ತಣ್ಣೀರಾ? ಮೇಡಂ, ಜನ ಅಷ್ಟು ದೂರದಿಂದ ಬರೋದು ಬಿಸಿಗೆ,” ಅಂತ ನಕ್ಕಳು. ಕಾರಣ ಹೇಳಿದೆ. ನಗು ನಿಂತಿತು. ಹೋದವರು ಯಾರು ಅಂತ ಇಂಗ್ಲಿಷಿನಲ್ಲೇ ಕೇಳಿದಳು. ನನ್ನ ಕಿವಿಗೆ ಮಾತ್ರ ಅದು ನಮ್ಮೂರಿನ ಪ್ರಶ್ನೆಯಾಗಿಯೇ ಕೇಳಿಸಿತು: ಅವರು ನಿಮಗೇನಾಗಬೇಕು? ಕನ್ನಡ ಎಷ್ಟು ವಿಚಿತ್ರ ಜಲಜಾ, ‘ಏನು’ ಅಂತ ಕೇಳದೆ ‘ಏನಾಗಬೇಕು’ ಅನ್ನುತ್ತದೆ, ಆಗುವುದಿನ್ನೂ ಬಾಕಿ ಇದೆ ಎಂಬಂತೆ. ನೀನು ಇನ್ನು ಏನಾಗಬಲ್ಲೆ? ಅತ್ತಿಗೆಯಲ್ಲ, ನಾದಿನಿಯಲ್ಲ, ಅಕ್ಕನೂ ಅಲ್ಲ. ಮಪುಲಾ ಮತ್ತೆ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಬಕೆಟಿನ ತುಂಬ ಐಸು ತಂದಳು, ಬೀರು ಬಾಟಲಿ ಮುಳುಗಿಸುವ ಐಸು. ನೀರು ಬೆರೆಸಿ, ನನ್ನನ್ನು ಹುಲ್ಲಿನ ಮೇಲೆ ಕೂರಿಸಿ, ತಾನೇ ತಲೆಯ ಮೇಲೆ ಸುರಿದಳು. ನಾನು ಕಿರುಚಿಕೊಂಡೆ. ಕೊಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಕಿರುಚು ನಿಲ್ಲಲಿಲ್ಲ, ಹಾಗೇ ಅಳುವಾಯಿತು. ಅವಳು ಖಾಲಿ ಬಕೆಟು ಹಿಡಿದು, ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ವಾಪಸು ಬಂದಿದ್ದೇನೆ. ಇಲ್ಲಿಯ ಪದ್ಧತಿ ನಿನಗೆ ಗೊತ್ತಲ್ಲ, ಸುಡುವುದಕ್ಕೂ ಅಪಾಯಿಂಟ್‌ಮೆಂಟು. ನಿನ್ನದು ಗುರುವಾರಕ್ಕೆ ಸಿಕ್ಕಿದೆ. ಮುಂದಿನ ಸಾಲು ಮನೆಯವರಿಗಂತೆ. ನಾನು ಸರ್ಜರಿಯವರ ಜೊತೆ ಹಿಂದೆ ನಿಲ್ಲುತ್ತೇನೆ. ಮನೆಯಲ್ಲಿ ದೀಪ ಹಚ್ಚಿಲ್ಲ, ಸಿಹಿ ಮುಟ್ಟಿಲ್ಲ. ನಿನ್ನೆ ಯಾರದೋ ಹುಟ್ಟುಹಬ್ಬದ ಕೇಕು ಬಂದಾಗ ಡಯೆಟ್ ಅಂದೆ. ಎಲ್ಲರೂ ನನ್ನ ಸೊಂಟ ನೋಡಿ ಒಪ್ಪಿಕೊಂಡರು.

ಈ ಬೆಳಿಗ್ಗೆ ಮಿಸೆಸ್ ಹಿಗ್ಗಿನ್ಸ್ ಫೋನು ಮಾಡಿ ನಿನ್ನನ್ನೇ ಕೇಳಿದಳು. ಸರ್ಜರಿಯವರು ಬರೆದುಕೊಟ್ಟ ವಾಕ್ಯ ಓದಿದೆ: ಡಾಕ್ಟರು ಈಗಿಲ್ಲ, ಬೇರೆ ಡಾಕ್ಟರನ್ನು ಕೊಡಲೇ? ಅಷ್ಟು ಓದುವುದರಲ್ಲೇ ದನಿ ನಡುಗಿತೇನೋ. ಆ ಮುದುಕಿ ಈ ಊರಿನ ಮುದ್ದುಮಾತಿನಲ್ಲಿ, “ಓ ಬ್ಯಾಬ್, ಐ ಆಮ್ ಸಾರಿ ಫಾರ್ ಯುವರ್ ಲಾಸ್,” ಅಂದಳು.

ಯುವರ್ ಅಂದಳು ಜಲಜಾ. ನನ್ನದು ಅಂದಳು. ಲೈನಿನಲ್ಲಿ ಕಾಯುತ್ತಿದ್ದವರನ್ನೆಲ್ಲ ಕಾಯಲು ಬಿಟ್ಟು, ಥ್ಯಾಂಕ್ ಯೂ ಅಂದೆ.

ಎಲ್ಲಿದ್ದರೂ ತಂಪಾಗಿರು.

ನಿನ್ನವಳು,
ಉಷಾ