ಇಳಿದ ಮೈ

ಭಾನುವಾರ, ಮಧ್ಯಾಹ್ನ ಎರಡೂವರೆ
ವೇ-ಬ್ರಿಡ್ಜ್ ಕ್ಯಾಬಿನ್ನು

ಇವಳೇ,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೊದಲು ಹೆಸರು ಹಿಡಿದೇ ಬರೆದಿದ್ದೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕರೆಯದ ಹೆಸರು. ಕಾಗದದ ಮೇಲೆ ಅದು ಬೇರೆ ಯಾರದೋ ಅನ್ನಿಸಿತು. ಆ ಹಾಳೆ ಹರಿದು ಹಾಕಿದೆ.

ಇದು ಮನೆಯ ವಿಷಯಕ್ಕೋ ವಕೀಲರ ವಿಷಯಕ್ಕೋ ಬರೆದ ಪತ್ರವಲ್ಲ. ಫೋನ್ ನೀನು ಎತ್ತುವುದಿಲ್ಲ. ಎತ್ತಿದ್ದರೂ ನಾನು "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಿದ್ದೆ, ಅದು ನಿನಗೂ ಗೊತ್ತು. ಇವತ್ತು ಲಾರಿಗಳಿಲ್ಲ. ಕ್ಯಾಬಿನ್ನಿನಲ್ಲಿ ನಾನೊಬ್ಬನೇ. ಎದುರಿಗೆ ಲಾರಿ ತೂಗುವ ಕಬ್ಬಿಣದ ಹಾಸಿನ ಮೇಲೆ ಒಂದು ನಾಯಿ ಮಲಗಿದೆ. ಹತ್ತು ಕಿಲೋ ಎಂದು ಕೆಂಪು ಅಂಕಿ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಹತ್ತಕ್ಕಿಂತ ಕಡಿಮೆ ತೋರಿಸಲು ಈ ಯಂತ್ರಕ್ಕೆ ಬರುವುದಿಲ್ಲ.

ವಿಷಯ ಇಷ್ಟು. ಬರುವ ಗುರುವಾರ ನನಗೆ ಆಪರೇಷನ್ ಇದೆ. ಗಾಬರಿಪಡುವಂಥದ್ದಲ್ಲ. ಗಾಬರಿಪಡುವಂಥದ್ದಾಗಿದ್ದರೆ ಹೇಳುವುದು ಸುಲಭವಿತ್ತು. ಹೃದಯದ್ದೋ ಕಿಡ್ನಿಯದ್ದೋ ಆಗಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿ, ಜನ ಬಂದು ನೋಡಿಕೊಂಡು ಹೋಗುತ್ತಿದ್ದರು. ಇದನ್ನು ಯಾರಿಗೂ ಹೇಳಿಲ್ಲ. ಎರಡನೇ ಪಾಳಿಯವನಿಗೆ ಹರ್ನಿಯಾ ಎಂದಿದ್ದೇನೆ.

ನಾವು ಭಾನುವಾರ ಇಲ್ಲಿಗೆ ಬರುತ್ತಿದ್ದುದು ನಿನಗೆ ನೆನಪಿರಬೇಕು. ಮನೆಯ ತೂಕದ ಯಂತ್ರ ನೂರಿಪ್ಪತ್ತಕ್ಕೆ ನಿಂತುಬಿಡುತ್ತಿತ್ತು. ಹಾಗಾಗಿ ಗೇಟು ಹಾಕಿದ ಮೇಲೆ ನನ್ನನ್ನು ಲಾರಿಯ ಜಾಗದಲ್ಲಿ ನಿಲ್ಲಿಸಿ, ನೀನು ಕ್ಯಾಬಿನ್ನಿನಲ್ಲಿ ಕೂತು ಅಂಕಿ ಓದುತ್ತಿದ್ದೆ. ನೂರೈವತ್ತು ಎಂದು ಬಂದ ದಿನ ಹೊರಗೆ ಬಂದು ನೀನೂ ನನ್ನ ಪಕ್ಕ ನಿಂತುಕೊಂಡೆ. ಇನ್ನೂರ ಹತ್ತು ತೋರಿಸಿತು. "ಇದು ಸಂಸಾರದ ತೂಕ ರೀ, ಒಬ್ಬರದ್ದೇ ಅಂತ ಯಾಕೆ ತಲೆ ಕೆಡಿಸ್ಕೋತೀರಿ" ಎಂದಿದ್ದೆ. ನಿನ್ನ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಸವೆದುಹೋಗುತ್ತದೆ ಅನ್ನಿಸುತ್ತಿತ್ತು.

ಡ್ರೈವರುಗಳು ನನ್ನನ್ನು ಡಬಲ್ ಆಕ್ಸಲ್ ಎನ್ನುತ್ತಿದ್ದರು. "ಸ್ವಲ್ಪ ದೂರ ನಿಲ್ಲಣ್ಣ, ಓವರ್‌ಲೋಡ್ ಕೇಸ್ ನನ್ನ ಮೇಲೆ ಬೀಳುತ್ತೆ" ಎಂದು ದಿನಕ್ಕೆ ಒಬ್ಬನಾದರೂ ಹೇಳುತ್ತಿದ್ದ. ನಾನೂ ನಗುತ್ತಿದ್ದೆ. ದಪ್ಪಗಿದ್ದಾಗ ನನಗೆ ನಾಚಿಕೆ ಇರಲಿಲ್ಲ. ಇದನ್ನು ನಂಬು. ಮೈ ತುಂಬ ಇತ್ತು, ಒಳಗೆ ನಾನು ಇದ್ದೆ, ಅಷ್ಟೇ. ಮಗುವಿಗಾಗಿ ಡಾಕ್ಟರ ಹತ್ತಿರ ಹೋದೆವಲ್ಲ, ಅವರು "ಇಬ್ಬರಲ್ಲೂ ಏನೂ ದೋಷ ಇಲ್ಲ, ಯಜಮಾನರು ತೂಕ ಇಳಿಸ್ಲಿ, ನೋಡೋಣ" ಎಂದರಲ್ಲ, ಅಲ್ಲಿಂದ ಶುರುವಾಯಿತು ಎಲ್ಲ. ಎರಡು ವರ್ಷ ನೀನು ನನ್ನ ಜೊತೆ ಗೂಡ್ಸ್ ಯಾರ್ಡಿನ ಹಿಂದಿನ ರಸ್ತೆಯಲ್ಲಿ ನಡೆದೆ. ಬೇಯಿಸಿದ ತರಕಾರಿಯನ್ನು ನಾನು ತಿನ್ನಬೇಕೆಂದು ನೀನೂ ತಿಂದೆ. ಡಾಕ್ಟರ ಯಂತ್ರದಲ್ಲಿ ನೂರ ನಲವತ್ತೆಂಟಿದ್ದದ್ದು ಎಪ್ಪತ್ತಾರಕ್ಕೆ ಬಂತು.

ಆಫೀಸಿನಲ್ಲಿ ನನ್ನ ಹಳೆಯ ಪ್ಯಾಂಟನ್ನು ತರಿಸಿ, ಅದರ ಒಂದೇ ಕಾಲಿನೊಳಗೆ ನನ್ನ ಎರಡೂ ಕಾಲು ತೂರಿಸಿ ಫೋಟೋ ತೆಗೆದು ಕ್ಯಾಂಟೀನಿನ ಗೋಡೆಗೆ ಅಂಟಿಸಿದರು. "ನಿಮ್ಮ ಯಜಮಾನ್ರು ಅರ್ಧ ಆದ್ರು ಮೇಡಂ, ಇನ್ನರ್ಧ ಎಲ್ಲಿಟ್ರಿ" ಎಂದು ಮ್ಯಾನೇಜರು ನಿನ್ನನ್ನು ಕೇಳಿದರು. ನೀನು ನಕ್ಕೆ. ಇನ್ನರ್ಧ ಎಲ್ಲಿತ್ತು ಎನ್ನುವುದು ಆಗ ನನಗೊಬ್ಬನಿಗೇ ಗೊತ್ತಿತ್ತು.

ಮೈ ಇಳಿಯಿತು, ಚರ್ಮ ಇಳಿಯಲಿಲ್ಲ. ಇದಕ್ಕಿಂತ ಮರ್ಯಾದೆಯಾಗಿ ಹೇಳಲು ಬರುವುದಿಲ್ಲ. ಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯವರೆಗೆ ಇಳಿಬಿದ್ದಿದೆ. ಅದನ್ನು ಕೈಯಲ್ಲಿ ಎತ್ತಿ ಹಿಡಿದು ಸ್ನಾನ ಮಾಡಬೇಕು. ಎದೆ ಹೆಂಗಸರದ್ದರಂತೆ, ಅದೂ ವಯಸ್ಸಾದವರದ್ದರಂತೆ, ಜೋತುಬಿದ್ದಿದೆ. ಮೆಟ್ಟಿಲಿಳಿಯುವಾಗ ಮೈ ಮೈಗೆ ಬಡಿಯುವ ಸದ್ದಾಗುತ್ತದೆ. ಆ ಸದ್ದು ಬೇರೆಯವರಿಗೆ ಕೇಳಿಸಬಾರದೆಂದು ಬಾಯಲ್ಲಿ ಏನಾದರೂ ಗುನುಗುತ್ತಾ ಇಳಿಯುತ್ತಿದ್ದೆ. ನಾನು ಖುಷಿಯಲ್ಲಿದ್ದೇನೆ ಎಂದುಕೊಂಡಿದ್ದೆ ನೀನು. ಮಡಿಕೆಯ ಒಳಗೆ ಬೇಸಗೆಯಲ್ಲಿ ಹುಣ್ಣಾಗುತ್ತದೆ. ವಾಸನೆ ಬರುತ್ತದೆ. ಪೌಡರ್ ಡಬ್ಬಿ ವಾರಕ್ಕೊಂದು ಖಾಲಿಯಾಗುತ್ತಿದ್ದುದನ್ನು ನೀನು ಗಮನಿಸಿದ್ದೆ. ಯಾರಿಗಾಗಿ ಈ ಸಿಂಗಾರ ಎಂದುಕೊಂಡಿರಬೇಕು.

ಒಂದು ಬೆಳಿಗ್ಗೆ ನಾನು ಅಂಗಿ ಹಾಕಿಕೊಳ್ಳುತ್ತಿದ್ದಾಗ ನೀನು ಹಿಂದಿನಿಂದ ಬಂದು ಸೊಂಟದ ಮೇಲೆ ಕೈ ಇಟ್ಟೆ. ಇಟ್ಟವಳು ತಕ್ಷಣ ತೆಗೆದುಕೊಂಡೆ. ಒಲೆಯ ಮೇಲೆ ಹಾಲಿತ್ತು, ಉಕ್ಕುತ್ತಿತ್ತು, ನೀನು ಓಡಿದ್ದು ಅದಕ್ಕೇ ಇರಬಹುದು. ಇರಬಹುದು ಎಂದು ಈಗ ಬರೆಯುತ್ತಿದ್ದೇನೆ. ಆಗ ಹಾಗೆ ಅನ್ನಿಸಲಿಲ್ಲ. ನಿನ್ನ ಬೆರಳುಗಳಿಗೆ ಸಿಕ್ಕಿದ್ದು ನನ್ನ ಸೊಂಟವಲ್ಲ, ಆ ಮಡಿಕೆ. ಅವತ್ತಿನಿಂದ ನಾನು ಬಚ್ಚಲಿಗೆ ಚಿಲಕ ಹಾಕತೊಡಗಿದೆ. ಗೊರಕೆಯಿಂದ ನಿನಗೆ ನಿದ್ದೆ ಇಲ್ಲ ಎಂದು ಚಿಕ್ಕ ಕೋಣೆಗೆ ಹಾಸಿಗೆ ಸಾಗಿಸಿದೆ. "ಗೊರಕೆ ನಿಂತು ವರ್ಷ ಆಯ್ತಲ್ರೀ" ಎಂದೆ ನೀನು. ನಾನು ಕೇಳಿಸದವನಂತೆ ದಿಂಬು ಎತ್ತಿಕೊಂಡು ಹೋದೆ. ಮಗು ಬೇಕೆಂದು ಇಳಿಸಿದ ಮೈ. ಇಳಿದ ಮೇಲೆ ನಿನ್ನ ಹತ್ತಿರ ಬರಲಾರದೆ ಹೋದೆ.

ಇನ್ನು ಆ ಪೆಟ್ಟಿಗೆ. ಅಲ್ಲಿಗೆ ಬರುವುದನ್ನು ಎರಡು ಹಾಳೆಯಿಂದ ಮುಂದೂಡುತ್ತಿದ್ದೇನೆ.

ಹೊಟ್ಟೆ ಬಿಗಿದು ಕಟ್ಟಲು ಏನಾದರೂ ಬೇಕಿತ್ತು. ಗಂಡಸರದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ. ಸೇತುವೆಯ ಆಚೆ ಹೆಂಗಸರ ಒಳಉಡುಪಿನ ಅಂಗಡಿಯೊಂದಿದೆ. ಹೆರಿಗೆಯಾದವರು ಕಟ್ಟಿಕೊಳ್ಳುವ ಅಗಲ ಬೆಲ್ಟನ್ನು ಅದರ ಗಾಜಿನಲ್ಲಿ ನೋಡಿದ್ದೆ. ಒಳಗೆ ಹೋದೆ. ಅಂಗಡಿಯಾಕೆ ಒಳ್ಳೆಯವಳು, ಬಾಯಿ ಸುಮ್ಮನಿರುವುದಿಲ್ಲ. "ಹೆರಿಗೆ ಆಗಿ ಎಷ್ಟು ದಿನ ಆಯ್ತು ಸರ್" ಎಂದಳು. "ತಿಂಗಳು" ಎಂದೆ. "ನಾರ್ಮಲ್ಲಾ, ಸಿಸೇರಿಯನ್ನಾ?" "ನಾರ್ಮಲ್." "ಸೊಂಟದ ಅಳತೆ ಹೇಳಿ." ನನ್ನದೇ ಅಳತೆ ಹೇಳಿದೆ. "ಸ್ವಲ್ಪ ದಪ್ಪಾನೇ ಇದ್ದಾರೆ, ಪರ್ವಾಗಿಲ್ಲ ಬಿಡಿ, ಇದನ್ನ ಕಟ್ಕೊಂಡ್ರೆ ಇಳೀತಾರೆ" ಎಂದು ಪೆಟ್ಟಿಗೆಯ ಮೇಲೆ ಒಂದು ಬೇಬಿ ಸೋಪನ್ನೂ ಇಟ್ಟು, "ಇದು ನಮ್ಮ ಕಡೆಯಿಂದ" ಎಂದಳು. ಸೋಪನ್ನೂ ಬ್ಯಾಗಿಗೆ ಹಾಕಿಕೊಂಡು ಬಂದೆ.

ಮರುತಿಂಗಳು ಅಲ್ಲೇ ಇನ್ನೊಂದು ಕೊಂಡೆ. ಆ ಹೊಸ ಪೆಟ್ಟಿಗೆ, ಮೊದಲಿನ ಸೋಪು, ಎರಡೂ ನಿನಗೆ ನನ್ನ ಬ್ಯಾಗಿನಲ್ಲಿ ಸಿಕ್ಕವು. ಅಡುಗೆಮನೆಯ ಕಟ್ಟೆಯ ಮೇಲೆ ಅವನ್ನು ಪಕ್ಕಪಕ್ಕ ಜೋಡಿಸಿಟ್ಟುಕೊಂಡು ನನಗಾಗಿ ಕಾಯುತ್ತಿದ್ದೆ. ನೀನು ಕಿರುಚಲಿಲ್ಲ. "ಯಾರಿಗೆ ಇದು" ಎಂದೆ. ಆಮೇಲೆ, "ಹೆತ್ತಿದ್ದಾಳಾ" ಎಂದೆ.

ಆಗ ನನ್ನ ಅಂಗಿಯೊಳಗೆ ಅದರದೇ ಇನ್ನೊಂದು ಬೆಲ್ಟಿತ್ತು. ಹಿಂದಿನ ತಿಂಗಳು ಕೊಂಡದ್ದು, ಬಿಗಿ ಹೋಗಿತ್ತು. ಎರಡು ಗುಂಡಿ ಬಿಚ್ಚಿದ್ದರೆ ಸಾಕಿತ್ತು. ನಾನು ಸುಮ್ಮನೆ ನಿಂತೆ. ಆ ಸುಮ್ಮನಿರುವಿಕೆಯನ್ನು ನೀನು ಹೌದು ಎಂದು ತಿಳಿದೆ. ತಿಳಿಯಲಿ ಎಂದೇ ನಾನು ಸುಮ್ಮನಿದ್ದೆ. ಇದನ್ನು ಬರೆಯುವುದಕ್ಕೆ ಹದಿನೈದು ತಿಂಗಳು ಬೇಕಾಯಿತು.

ಯಾವ ಹೆಂಗಸೂ ಇಲ್ಲ. ಇರಲಿಲ್ಲ. ಆ ಬೆಲ್ಟು ನನ್ನದು.

ನಿನ್ನ ಅಕ್ಕನಿಗೆ ನಾನು ಹೇಳಿದ್ದರ ಬಗ್ಗೆ ನೀನು ಕೇಳುತ್ತೀ. ಕೇಳಬೇಕಾದದ್ದೇ. ನೀನು ಮನೆ ಬಿಟ್ಟು ಅವರಲ್ಲಿಗೆ ಹೋದ ಆ ವಾರವೇ ಅವರು ಫೋನ್ ಮಾಡಿ, "ನಾಚಿಕೆ ಅನ್ನೋದು ಇದೆಯೇನ್ರೀ ನಿಮಗೆ? ಗಂಡೋ ಹೆಣ್ಣೋ, ಅದನ್ನಾದರೂ ಹೇಳಿ, ಅವಳು ಅತ್ತು ಮುಗಿಸ್ಲಿ" ಎಂದರು. ನಾನು "ಹೆಣ್ಣು" ಎಂದೆ. ಯಾರೂ ನನ್ನ ಬಾಯಿಗೆ ಆ ಮಾತು ತುರುಕಲಿಲ್ಲ. ನಾವಿಬ್ಬರೂ ಹೆಣ್ಣಾಗಲಿ ಎನ್ನುತ್ತಿದ್ದೆವಲ್ಲ, ಅದೇ ಬಂತು. ಆಮೇಲಿನ ಕೆಲವು ದಿನ ಒಬ್ಬನೇ ಊಟಕ್ಕೆ ಕೂತಾಗ ಆ ಇಲ್ಲದ ಮಗುವಿಗೆ ಇಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕಿದ್ದೂ ಉಂಟು. ಇದಕ್ಕೆ ಕ್ಷಮೆ ಇದೆ ಎಂದು ನಾನು ತಿಳಿದಿಲ್ಲ.

ಯಾಕೆ ಎಂದರೆ, ಇನ್ನೊಬ್ಬಳನ್ನು ಇಟ್ಟುಕೊಂಡ ಗಂಡಸನ್ನು ಜನ ಬೈಯುತ್ತಾರೆ, ನಗುವುದಿಲ್ಲ. ನಿನ್ನ ಭಾವ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅದನ್ನು ತಡೆದುಕೊಂಡೆ. ಬಾಣಂತಿಯ ಬೆಲ್ಟು ಕಟ್ಟಿಕೊಂಡು ತಿರುಗುವ ಗಂಡಸು ಎಂದು ನೀನು ನನ್ನನ್ನು ನೋಡುವುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಿನ್ನ ಮರುಕ ಬೇಕಿರಲಿಲ್ಲ. ಅದರ ಬದಲು ನಿನ್ನ ಕಣ್ಣೀರನ್ನು ಆರಿಸಿಕೊಂಡೆ. ನನ್ನ ಮಾನ ನಿನ್ನ ಬದುಕಿಗಿಂತ ತೂಕದ್ದು ಎಂದುಕೊಂಡಿದ್ದೆ.

ಈ ಬೇಸಗೆಯಲ್ಲಿ ಹುಣ್ಣು ಕೀವಾಗಿ ಜ್ವರ ಬಂತು. ಆಸ್ಪತ್ರೆಗೆ ಹೋದೆ. ಅಲ್ಲಿಂದ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಕಳಿಸಿದರು. ಅದರ ಮುಂದೆ ಕೂತವರೆಲ್ಲ ಹೆಂಗಸರು. ಕೌಂಟರಿನ ಹುಡುಗಿ "ಮೇಡಂನ ಕರೀರಿ ಸರ್, ಒಳಗೆ ಪೇಷಂಟ್ ಮಾತ್ರ ಬಿಡೋದು" ಎಂದಳು. "ಪೇಷಂಟ್ ನಾನೇ" ಎಂದೆ. ಇಡೀ ಬೆಂಚು ನನ್ನನ್ನು ನೋಡಿ, ತಕ್ಷಣ ತಂತಮ್ಮ ಫೋನುಗಳನ್ನು ನೋಡಿತು. ಸರ್ಜನ್ ನಮ್ಮ ವಯಸ್ಸಿನ ಹೆಂಗಸು. ನೀಲಿ ಬಟ್ಟೆಯ ಮುಂದೆ ನನ್ನನ್ನು ನಿಲ್ಲಿಸಿ, ಎದುರಿನಿಂದ, ಪಕ್ಕದಿಂದ ಫೋಟೋ ತೆಗೆದರು. ಎರಡೂ ಕೈಯಲ್ಲಿ ಹೊಟ್ಟೆ ಎತ್ತಿ ಹಿಡಿದುಕೊಳ್ಳಲು ಹೇಳಿದರು. "ಇದು ಕೊಬ್ಬಲ್ಲ, ಬರೀ ಚರ್ಮ. ನಡೆದರೆ, ಓಡಿದರೆ ಇದು ಹೋಗಲ್ಲ. ನೀವು ಮಾಡೋದೆಲ್ಲ ಮಾಡಿ ಆಗಿದೆ, ಇನ್ನು ನಮ್ಮ ಕೆಲಸ" ಎಂದರು. ಆ ಒಂದು ಮಾತಿಗೆ ನನಗೆ ಅಳು ಬಂತು. ಅವರು ಕ್ಯಾಮೆರಾ ಸರಿಮಾಡುವವರಂತೆ ಆ ಕಡೆ ತಿರುಗಿಕೊಂಡರು. ಆಮೇಲೆ ಹೇಳಿದರು: ಸೊಂಟದ ಸುತ್ತ ಕೊಯ್ದು ಹೊಲಿಯುತ್ತಾರಂತೆ, ಎದೆಗೂ ಹಾಗೆಯೇ. ಕಲೆ ಜನ್ಮವಿಡೀ ಇರುತ್ತದಂತೆ. ಹೊಸ ಮೈ ಸಿಗುತ್ತದೆ ಎಂದು ನಿನಗೆ ಆಸೆ ಹುಟ್ಟಿಸಲು ನಾನಿದನ್ನು ಬರೆಯುತ್ತಿಲ್ಲ. ಒಂದು ವಿಕಾರ ಹೋಗಿ ಇನ್ನೊಂದು ಬರುತ್ತದೆ, ಸ್ವಲ್ಪ ಚಿಕ್ಕದು.

ಅವರದೊಂದು ನಿಯಮವಿದೆ. ಮನೆಯವರೊಬ್ಬರು ಸಹಿ ಹಾಕಬೇಕು, ಮನೆಗೆ ಕರೆದುಕೊಂಡು ಹೋಗಬೇಕು. ಎರಡು ವಾರ ಗಾಯದ ಒಳಗಿಂದ ಬರುವ ನೀರು ಕೊಳವೆಯಲ್ಲಿ ಇಳಿದು ಒಂದು ಪುಟ್ಟ ಡಬ್ಬಿಯಲ್ಲಿ ತುಂಬುತ್ತದಂತೆ. ಅದನ್ನು ದಿನಕ್ಕೆರಡು ಸಲ ಅಳೆದು ಬರೆದು ಚೆಲ್ಲಬೇಕು. ಬೆನ್ನಿನ ಪಟ್ಟಿ ಬದಲಿಸಬೇಕು. "ದುಡ್ಡು ಕೊಟ್ಟು ಯಾರನ್ನಾದರೂ ಇಟ್ಕೋತೀನಿ" ಎಂದೆ. "ಅವರು ಬರದ ದಿನ ಏನ್ಮಾಡ್ತೀರಿ? ನಿಮ್ಮವರು ಒಬ್ರು ಬೇಕು, ಇಲ್ಲಾಂದ್ರೆ ನಾನು ಮಾಡಲ್ಲ" ಎಂದರು. ಅಂದರೆ, ಯಾರಿಗೂ ಕಾಣಬಾರದೆಂದು ನಾನು ಮುಚ್ಚಿಟ್ಟ ಮೈಯನ್ನು, ಅದರ ತೀರ ಕೆಟ್ಟ ದಿನಗಳಲ್ಲಿ, ಒಬ್ಬರಿಗೆ ತೋರಿಸಲೇಬೇಕು. ಯಾರಿಗೆ ಎಂದು ಮೂರು ವಾರ ಯೋಚಿಸಿದೆ. ನಿನ್ನ ಹೊರತು ಇನ್ನೊಬ್ಬರ ಮುಖ ಕಣ್ಣ ಮುಂದೆ ಬರಲಿಲ್ಲ. ಯಾರ ಮುಂದೆ ಬಿಚ್ಚಲಾರದೆ ಮನೆ ಮುರಿದುಕೊಂಡೆನೋ ಅವಳದೇ.

ಬಾ ಎಂದು ನಾನು ಕೇಳುತ್ತಿಲ್ಲ. ಇಲ್ಲ, ಅದೂ ಸುಳ್ಳು. ಕೇಳುತ್ತಿದ್ದೇನೆ. ಎರಡು ವಾರ ಬಾ. ಚಿಕ್ಕ ಕೋಣೆಯಲ್ಲಿ ನಾನಿರುತ್ತೇನೆ, ದೊಡ್ಡದರ ಚಿಲಕ ಒಳಗಿನಿಂದ ನಿನ್ನ ಕೈಯಲ್ಲಿರಲಿ. ಕೊಳವೆ ತೆಗೆದ ದಿನ ಹೊರಟುಹೋದರೂ ನಾನು ಯಾಕೆ ಎನ್ನುವುದಿಲ್ಲ. ಬರದಿದ್ದರೂ ಈ ಪತ್ರವನ್ನು ನಿನ್ನ ಅಕ್ಕನಿಗೆ ಓದಿಸು. ಅವರಿಗೆ ನಗು ಬಂದರೆ ನಗಲಿ. ಹುಟ್ಟದ ಹೆಣ್ಣು ಮಗುವಿನ ಭಾರವನ್ನು ಆ ಮನೆಯಲ್ಲಿ ನೀನು ಇನ್ನು ಹೊರುವುದು ಬೇಡ.

ನಾಳೆ ಬೆಳಿಗ್ಗೆ ಸಿಮೆಂಟು ತುಂಬಿಕೊಂಡು ಆ ಕಡೆ ಹೊರಡುವ ಲಾರಿಯವನ ಕೈಲಿ ಇದನ್ನು ಕಳಿಸುತ್ತೇನೆ. ಒಡೆದು ಓದುವವನಲ್ಲ ಅವನು.

ಇಂತಿ,
ನೀನು "ಇವರು" ಎನ್ನುತ್ತಿದ್ದವನು

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯ ಫಾರಂನಲ್ಲಿ ಹೆಂಡತಿ ಎಂಬಲ್ಲಿ ಮೊದಲ ದಿನ ನಾನು "ತೀರಿಕೊಂಡಿದ್ದಾರೆ" ಎಂದು ಬರೆದಿದ್ದೆ. ಹಾಗೆ ಬರೆದರೆ ಯಾರೂ ನಿನ್ನನ್ನು ಕರೆಸು ಎನ್ನುವುದಿಲ್ಲ ಎಂದು. ಮೊನ್ನೆ ಹೋಗಿ ಅದನ್ನು ಹೊಡೆದು ಹಾಕಿ ನಿನ್ನ ಅಕ್ಕನ ಮನೆಯ ನಂಬರು ಕೊಟ್ಟೆ. ನರ್ಸು ಫಾರಂ ನೋಡಿ, ನನ್ನ ಮುಖ ನೋಡಿ, "ಏನ್ಸಾರ್, ಹೋದವರು ವಾಪಸ್ ಬಂದ್ರಾ" ಎಂದಳು. "ಇನ್ನೂ ಗೊತ್ತಿಲ್ಲಮ್ಮ" ಎಂದೆ. ಬುಧವಾರ ಹತ್ತು ಗಂಟೆಗೆ ಅವಳು ಆ ನಂಬರಿಗೆ ಫೋನ್ ಮಾಡುತ್ತಾಳೆ. ಪೇಷಂಟಿಗೆ ನೀವು ಏನಾಗಬೇಕು ಎಂದು ಮೊದಲು ಕೇಳುತ್ತಾಳೆ. ಫಾರಂನಲ್ಲಿ ಆ ಜಾಗವನ್ನು ನಾನು ತುಂಬಿಲ್ಲ. ನೀನು ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಾಳೆ.