ಊದುಬತ್ತಿ ಕಟ್ಟಿನಲ್ಲಿ ಬಂದ ನೌಕೆ

ಪುಟ್ಟೇನಹಳ್ಳಿ, ಯಲಹಂಕ
14 ಸೆಪ್ಟೆಂಬರ್ 1983, ಬುಧವಾರ

ಪ್ರೀತಿಯ ಅಣ್ಣಾ,

ಸರಕಾರದವರು ಕೊಡುತ್ತೇವೆ ಅಂದದ್ದು ಇಷ್ಟು: ನಮ್ಮ ಕೇರಿಯ ಪ್ರತಿ ಮನೆಗೂ ಒಂದು ನಿವೇಶನ, ಕೇರಿಗೆ ನಲ್ಲಿ, ಕೆರೆ ಪಕ್ಕದ ನಮ್ಮ ಸ್ಮಶಾನಕ್ಕೆ ಸುತ್ತುಗೋಡೆ, ಅದನ್ನೆಲ್ಲ ಕೇಳಲು ತಾಲ್ಲೂಕು ಕಚೇರಿ ಮುಂದೆ ಕೂತ ನಿನಗೆ ಜಾಮೀನು. ನಿವೇಶನ ಇಲ್ಲ. ನಲ್ಲಿಯ ಕಟ್ಟೆ ಇದೆ, ನಲ್ಲಿ ಇಲ್ಲ. ಸ್ಮಶಾನಕ್ಕೆ ಗೋಡೆಯ ಬದಲು ಬಡಾವಣೆ ಸಂಘದವರ ಮುಳ್ಳುತಂತಿ ಬಂದಿದೆ. ಜಾಮೀನು ಬೇಕಾದರೆ ನೀನು ಮುಚ್ಚಳಿಕೆಗೆ ಸಹಿ ಹಾಕಬೇಕಂತೆ. ಆ ನೆಲಕ್ಕೆ ಕಾಲಿಡುವುದಿಲ್ಲ, ಅದು ನಮ್ಮ ಸ್ಮಶಾನವೆಂದು ನಾನು ಹಾಕಿರುವ ಕೇಸನ್ನು ವಾಪಸು ತೆಗೆಯುತ್ತೇನೆ ಎಂದು. ಇದೆಲ್ಲ ನಿನಗೆ ಗೊತ್ತಿರುವುದೇ. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಜೈಲಿನ ಸಾಹೇಬರಿಗೆ ಗೊತ್ತಾಗಲಿ ಅಂತ ಬರೆದೆ. ಓದಿ ಸ್ವಾಮಿ, ನಿಧಾನವಾಗಿ ಓದಿ.

ಹೇಗಿದ್ದೀಯ ಅಣ್ಣಾ? ಹಲ್ಲುನೋವು ಇಳಿಯಿತಾ? ಹೋದ ಸಲ ಜಾಲರಿಯ ಆಚೆ ದವಡೆ ಹಿಡಿದುಕೊಂಡೇ ಮಾತಾಡಿದೆ, ನಗುವುದಕ್ಕೂ ಆಗಲಿಲ್ಲ ನಿನಗೆ. ನಾನು ಕೊಟ್ಟುಬಂದ ಲವಂಗ ಕೈಗೆ ತಲುಪಿತೋ, ಅದನ್ನೂ ಸರಕಾರ ವಶಪಡಿಸಿಕೊಂಡಿತೋ ಬರಿ. ನಾನು ಚೆನ್ನಾಗಿದ್ದೇನೆ. ಮತ್ತಿಕೆರೆಯ ರೇಡಿಯೋ ಜೋಡಿಸುವ ಷೆಡ್ಡಿನಲ್ಲಿ ಕೆಲಸ ಇನ್ನೂ ಇದೆ. ನೀನು ಜೈಲಿಗೆ ಹೋದ ಮೇಲೆ ಮೇಸ್ತ್ರಿ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ಮಾತಾಡಿಸುತ್ತಾನೆ, ಹೆದರಿಕೆಗೋ ಏನೋ. ನಮ್ಮ ಹೋರಾಟದ ಸಂಘದ ಸಭೆ ಈಗಲೂ ಭಾನುವಾರ ನಮ್ಮ ಜಗಲಿಯಲ್ಲೇ ನಡೆಯುತ್ತದೆ. ನೀನು ಕೂರುತ್ತಿದ್ದ ಕಂಬದ ಪಕ್ಕ ಯಾರೂ ಕೂರುವುದಿಲ್ಲ.

ಅವ್ವ ಚೆನ್ನಾಗಿಲ್ಲ. ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಹೊಸೆದ ಊದುಬತ್ತಿಯ ಇದ್ದಿಲ ಪುಡಿ ಎದೆಯೊಳಗೆ ಕೂತುಬಿಟ್ಟಿದೆ. ಕೆಮ್ಮಿದರೆ ಕರ್ರಗೆ ಬರುತ್ತದೆ. ಊರಿನ ದೇವರುಗಳಿಗೆಲ್ಲ ಪರಿಮಳ ಹೋಯಿತು, ಮಸಿ ಇವಳ ಪಾಲಿಗೆ ಉಳಿಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು, ಅದರ ಅರ್ಥ ನಿನಗೂ ಗೊತ್ತು. ಅವಳು ಕೇಳುವುದು ಎರಡೇ. ನಿನ್ನ ಮುಖ ನೋಡಬೇಕು, ಅಪ್ಪನ ಪಕ್ಕದಲ್ಲಿ ಮಣ್ಣಾಗಬೇಕು. ನೀನು ಸಹಿ ಹಾಕಿದರೆ ಮೊದಲನೆಯದು ಸಿಗುತ್ತದೆ, ಎರಡನೆಯದು ಹೋಗುತ್ತದೆ. ಹಾಕದಿದ್ದರೆ ಮೊದಲನೆಯದು ಹೋಗುತ್ತದೆ, ಎರಡನೆಯದಕ್ಕೆ ಬಡಿದಾಡಬಹುದು. ಹೆತ್ತವಳ ಮುಖವನ್ನೂ ಹೂಳುವ ನೆಲವನ್ನೂ ತಕ್ಕಡಿಗೆ ಹಾಕಿ, ಯಾವುದು ಬೇಕೋ ಆರಿಸಿಕೋ ಅನ್ನುವುದಕ್ಕೆ ಇವರು ಕಾನೂನು ಎಂದು ಹೆಸರಿಟ್ಟಿದ್ದಾರೆ. ಸಂಘದವಳಾಗಿ ನಾನು ಸಹಿ ಹಾಕಬೇಡ ಎನ್ನಬೇಕು. ಅವ್ವನ ಕಾಲ ಬಳಿ ಕೂತಾಗ ಬೇರೆ ಮಾತು ಬಾಯಿಗೆ ಬರುತ್ತದೆ. ಯಾವುದನ್ನು ಬರೆಯಲೂ ಕೈ ಏಳುತ್ತಿಲ್ಲ. ಅದಕ್ಕೇ ನೌಕೆಯ ವಿಷಯ ಬರೆಯುತ್ತೇನೆ. ಅವ್ವ ಈಗ ದಿನವಿಡೀ ಮಾತಾಡುವುದು ಅದೊಂದನ್ನೇ.

ನೆನಪಿದೆಯಾ, ಅದು ನಮ್ಮ ಮನೆಗೆ ಬಂದ ದಿನ? ಯಶವಂತಪುರದ ಊದುಬತ್ತಿ ಮಾಲೀಕನ ಕಡೆಯಿಂದ ವಾಜಿದ್ ಸಾಬರು ಸೈಕಲ್ಲಿನ ಹಿಂದೆ ಬಿದಿರು ಕಡ್ಡಿ, ಕರಿ ಹಿಟ್ಟು, ಹೊಸೆದ ಬತ್ತಿ ಸುತ್ತಿ ಕಳಿಸಲು ಹಳೇ ಪತ್ರಿಕೆಗಳ ಒಂದು ಕಟ್ಟು ತಂದು ಇಳಿಸುತ್ತಿದ್ದರು. ನೀನು ಆಗ ಆರನೇ ಕ್ಲಾಸು. ಕಟ್ಟು ಬಿಚ್ಚಿ ಹಾಳೆ ಹರಿಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದೆ. ಹಾಳೆಯಲ್ಲಿ ಕುಂಬಳಕಾಯಿಯಂಥ ಒಂದು ಹಡಗು, ಸುತ್ತ ಕತ್ತಲು, ಕತ್ತಲಲ್ಲಿ ಏಳು ಸೂರ್ಯರು. ವಾರಪತ್ರಿಕೆಯ ಧಾರಾವಾಹಿ, ‘ಏಳು ಸೂರ್ಯರ ಯಾನ’. ಭೂಮಿ ಹಾಳಾದ ಮೇಲೆ ಬೇರೆ ನೆಲ ಹುಡುಕಿಕೊಂಡು ಹೊರಟ ಜನ, ಅವರ ಕಪ್ತಾನ ಧ್ರುವಸೇನ. ಗಟ್ಟಿಯಾಗಿ ಓದು ಅಂದಳು ಅವ್ವ. ಬೇವಿನ ಮರದ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದ ಹೆಂಗಸರೆಲ್ಲ ಹೊಸೆಯುತ್ತಲೇ ಕಿವಿಗೊಟ್ಟರು. ಓದುತ್ತ ಕೂತರೆ ನಿನ್ನ ಕೈ ಕೆಲಸ ನಿಲ್ಲುತ್ತದಲ್ಲ, ಅವ್ವನ ತಟ್ಟೆ ತುಂಬುವುದಿಲ್ಲವಲ್ಲ. ಅವ್ವನ ಪಕ್ಕ ಕೂತಿದ್ದ ಅಕ್ಬರಿ ಅಕ್ಕ ತಾನು ಹೊಸೆದದ್ದರಲ್ಲಿ ಒಂದು ಹಿಡಿ ಎತ್ತಿ ನಮ್ಮ ತಟ್ಟೆಗೆ ಹಾಕಿ, ಇದು ಓದೋನ ಪಾಲು ಅಂದಳು. ಅಲ್ಲಿಂದ ಅದೇ ಪದ್ಧತಿಯಾಯಿತು. ಕಥೆ ಮುಗಿದಾಗ ಒಬ್ಬೊಬ್ಬಳೂ ಒಂದು ಹಿಡಿ. ಕಥೆ ಕೇಳುವ ತನಕ ಆ ಹಾಳೆಯಲ್ಲಿ ಯಾರೂ ಬತ್ತಿ ಸುತ್ತುವಂತಿರಲಿಲ್ಲ. ಕೇಳಿಯಾದ ಮೇಲೆ ಸುತ್ತಲೇಬೇಕಿತ್ತು. ಹಾಗಾಗಿ ನಮ್ಮ ಬಳಿ ಆ ಕಥೆಯ ಒಂದು ಹಾಳೆಯೂ ಉಳಿಯಲಿಲ್ಲ. ಕಪ್ತಾನನೂ ಅವನ ಸೂರ್ಯರೂ ಊದುಬತ್ತಿಯ ಮೈಗೆ ಸುತ್ತಿಕೊಂಡು ಯಾವ್ಯಾವುದೋ ಪೇಟೆಗೆ ಹೋದರು.

ಗುಜರಿಯವನು ಕಟ್ಟಿದ ಕಟ್ಟು ಅದು, ಹಿಂದಿನದು ಮುಂದೆ, ಮುಂದಿನದು ಹಿಂದೆ. ನಮಗೆ ಅದು ಹೊಳೆಯಲಿಲ್ಲ. ಮಳೆಗಾಲದಲ್ಲಿ ಬಂದ ಹಾಳೆಯಲ್ಲಿ ಧ್ರುವಸೇನ ಸತ್ತುಹೋದ. ಬೂದಿಯ ಗ್ರಹದಲ್ಲಿ ಜೊತೆಯವರನ್ನು ನೌಕೆಗೆ ಹತ್ತಿಸಿ ತಾನೊಬ್ಬನೇ ಉಳಿದ. ನೀನು ಹಾಳೆ ಕೆಳಗಿಟ್ಟೆ. ಹೆಂಗಸರು ಮಣೆಯಿಂದ ಕೈ ತೆಗೆದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೆತ್ತವಳು ಎಲ್ಲವಳೋ ಏನೋ, ಬಾಯಿಗೆ ನೀರು ಬಿಡೋರೂ ಇಲ್ಲ ಅಂದಳು. ಆಮೇಲೆ ದೀಪಾವಳಿ ಹೊತ್ತಿಗೆ ಬಂದ ಕಟ್ಟಿನಲ್ಲಿ ಅದೇ ಧ್ರುವಸೇನ ನೌಕೆಯ ಮೆಟ್ಟಿಲ ಮೇಲೆ ನಗುತ್ತ ನಿಂತಿದ್ದ. ಅಕ್ಬರಿ ಅಕ್ಕ ಮಣೆಯನ್ನೇ ಮಗುಚಿಬಿಟ್ಟಳು. ಮಣ್ಣಾಗಿದ್ದೋನು ಎದ್ದು ಬಂದವ್ನೆ ಕಣಮ್ಮೋ ಅಂದಳು. ಕೇರಿಗೆ ಕೇರಿಯೇ ಅದನ್ನು ನಂಬಿತು. ನೀನು ಹಾಳೆಯ ಮೂಲೆಯಲ್ಲಿದ್ದ ತಾರೀಕು ನೋಡಿದ್ದೆ, ಇದು ಹಳೇ ಸಂಚಿಕೆ ಎಂದು ನಿನಗೆ ತಿಳಿದಿತ್ತು. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ನನಗೆ ಅದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ, ಕೆರೆ ಏರಿಯ ಮೇಲೆ. ಮತ್ತಿಕೆರೆಯಲ್ಲಿ ನಿನ್ನ ಜೊತೆ ರೂಮಿನಲ್ಲಿದ್ದ ಬಿಜಾಪುರ ಕಡೆಯ ನಾಗಲಿಂಗಪ್ಪನ ಬಳಿ ಎಲ್ಲ ಸಂಚಿಕೆಗಳೂ ಹೊಲಿದಿಟ್ಟಿದ್ದವು, ನೀನು ಅವನ್ನು ಮೊದಲಿಂದ ಕೊನೆವರೆಗೆ ಓದಿ ಬಂದಿದ್ದೆ. ಮುಖ ಬಾಡಿತ್ತು. ‘ವರಸೆಯಾಗಿ ಓದಿದ್ರೆ ಅವನು ಬರಲ್ಲ ಕಣೇ’ ಅಂದೆ. ನನಗೆ ಆ ಸಂಜೆ ತುಂಬ ಇಷ್ಟ ಅಣ್ಣಾ. ಯಾಕೆ ಅಂತ ಕೇಳಬೇಡ.

ಆ ಧಾರಾವಾಹಿಯ ಎರಡನೇ ಭಾಗ, ಎರಡನೇ ಯಾನದಲ್ಲಿ ನೌಕೆಯ ಹೊಟ್ಟೆಯಲ್ಲಿ ಕೆಲಸ ಮಾಡುವವರ ಸಂಗತಿ ಬಂತಲ್ಲ. ಮೇಲಿನವರಿಗೆ ಗಾಜಿನ ಕಿಟಕಿ, ನಕ್ಷತ್ರ, ಸಂಗೀತ. ಕೆಳಗಿನವರು ಹುಟ್ಟಿದ್ದು ಸತ್ತದ್ದು ಯಂತ್ರದ ಬಿಸಿಯಲ್ಲೇ, ತಾವು ಆಕಾಶದಲ್ಲಿದ್ದೇವೆ ಎನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಅವರು ಕೈ ಕಟ್ಟಿ ಕೂತರು, ಮೇಲಿನ ದೀಪಗಳೆಲ್ಲ ಆರಿದವು. ಹೆಂಗಸರು ಅದನ್ನು ನಿನ್ನಿಂದ ಎರಡು ಸಲ ಓದಿಸಿದರು. ಮುಂದಿನ ತಿಂಗಳು ಮಾಲೀಕ ಕೂಲಿ ಇಳಿಸಿದಾಗ ಯಾರೂ ಮಣೆ ಮುಟ್ಟಲಿಲ್ಲ. ವಾಜಿದ್ ಸಾಬರು ಸೈಕಲ್ ಹಿಡಿದು ನಿಂತು, ಇನ್ಮೇಲೆ ಆ ಕಥೆ ಇರೋ ಕಾಗದ ತರಲ್ಲಮ್ಮ ನಾನು, ನನ್ನ ಹೊಟ್ಟೆ ಮೇಲೆ ಹೊಡೀತಿದೆ ಎಂದು ಅಳುವ ಹಾಗೆ ಹೇಳಿದರು. ಆದರೂ ತಂದರು. ಅವರಿಗೂ ಮುಂದೇನಾಯಿತು ತಿಳಿಯಬೇಕಿತ್ತು.

ಅವ್ವ ಕೇಳಿದ ಪ್ರಶ್ನೆ ಆ ದಿನಗಳದ್ದೇ. ನೀನು ನೌಕೆಯ ವೈಭವ ಓದುತ್ತಿದ್ದೆ, ಊಟದ ಹಜಾರ, ತೋಟ, ಗ್ರಂಥಾಲಯ. ಅವ್ವ ಹೊಸೆಯುವುದು ನಿಲ್ಲಿಸದೆ ಕೇಳಿದಳು: ‘ಅಷ್ಟು ಜನ ಅವ್ರಲ್ಲ, ಅಲ್ಲಿ ಕಕ್ಕಸು ಬಳಿಯೋರು ಯಾರ್ಲಾ?’

ಯಾರೂ ನಗಲಿಲ್ಲ. ನಮ್ಮಪ್ಪ ಆ ಕೆಲಸ ಮಾಡಿಯೇ ಸತ್ತಿದ್ದ. ನೀನು ಅದನ್ನೇ ಒಂದು ಕಾರ್ಡಿನ ಮೇಲೆ ಬರೆದು ಪತ್ರಿಕೆಗೆ ಹಾಕಿದೆ, ಕೆಳಗೆ ಮುನಿಕೆಂಪಮ್ಮ, ಪುಟ್ಟೇನಹಳ್ಳಿ ಎಂದು ಅವ್ವನ ಹೆಸರು. ಉತ್ತರ ಬರಲೇ ಇಲ್ಲ ಅಂದುಕೊಂಡಿದ್ದೆವು. ಯಾವುದೋ ವರ್ಷ ಯಾವುದೋ ಕಟ್ಟಿನಲ್ಲಿ ಅದು ಸಿಕ್ಕಿತು, ಓದುಗರ ಅಂಕಣದ ಮೂಲೆಯಲ್ಲಿ. ನಕ್ಷತ್ರಯುಗದ ಕಥೆಗೆ ಇಂಥ ಕೊಳಕು ಪ್ರಶ್ನೆ ಯಾಕಮ್ಮಾ, ಆ ಕಾಲಕ್ಕೆ ಜಾತಿಗೀತಿ ಇರುವುದಿಲ್ಲ ಎಂದು ಉಪದೇಶ ಮಾಡಿದ್ದರು. ನೀನು ಓದಿ ಹೇಳಿದೆ. ಅವ್ವ, ‘ಅಂಗಂದ್ರೆ ಬಳಿಯೋರು ಅವ್ರೆ, ಎಸ್ರು ಏಳಲ್ಲ ಅಂತಾಯ್ತು’ ಅಂದಳು. ಸಂಘಕ್ಕೆ ಬಂದ ಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಅವ್ವನ ಈ ಮಾತಿನ ಮುಂದೆ ಅವೆಲ್ಲ ಒಣ ಹುಲ್ಲು. ನೀನು ಈಗ ಜೈಲಿನಲ್ಲಿರುವುದು ಆ ಮಧ್ಯಾಹ್ನದಿಂದಲೇ ಎಂದು ನನಗನಿಸುತ್ತದೆ.

ಈಗ ಪತ್ರಿಕೆಯಲ್ಲಿ ಮೂರನೇ ಯಾನ ನಡೆಯುತ್ತಿದೆ. ಅವ್ವನಿಗೆ ಖುಷಿಯಾಗಲಿ ಎಂದು ನಾನು ಯಲಹಂಕದ ಬಸ್‌ಸ್ಟಾಂಡಿನಲ್ಲಿ ಹೊಸ ಸಂಚಿಕೆಯನ್ನೇ ಕೊಂಡು ತಂದು ಓದಿದೆ. ಎರಡು ವಾರ ಕೇಳಿದಳು. ಮೂರನೇ ವಾರ ಕೈ ಅಡ್ಡ ಹಿಡಿದಳು. ಮಾತಾಡಿದರೆ ಕೆಮ್ಮು, ಬಿಟ್ಟು ಬಿಟ್ಟು ಹೇಳಿದಳು: ‘ಒಸ ಪೇಪರ್ ಬ್ಯಾಡ ಕಣವ್ವ. ಇದರಾಗೆ ಸತ್ತೋರು ಸತ್ತೇ ಇರ್ತಾರೆ.’ ಅಕ್ಬರಿ ಅಕ್ಕ ತನ್ನ ಮನೆಯ ಕಟ್ಟಿನಿಂದ ಹಳೇ ಹಾಳೆ ಆರಿಸಿ ತರುತ್ತಾಳೆ, ನಾನು ಯಾವುದು ಸಿಕ್ಕಿತೋ ಅದನ್ನು ಓದುತ್ತೇನೆ. ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ. ನಿಮ್ಮಪ್ಪಂದೂ ಯಾವ್ದೋ ಕಟ್ಟಲ್ಲಿ ಐತೆ, ಬಿಚ್ಚಬೇಕು ಅಷ್ಟೆ ಅಂದಳು ನಿನ್ನೆ. ನಿನ್ನದು ಯಾವ ಕಟ್ಟಿನಲ್ಲಿದೆ ಎಂದು ಕೇಳಲಿಲ್ಲ. ನಡುವೆ ಎಚ್ಚರವಾದರೆ ಬಾಗಿಲ ಕಡೆ ನೋಡುತ್ತಾಳೆ. ಅಷ್ಟೇ ಅವಳು ಕೇಳುವ ರೀತಿ. ಅಣ್ಣಾ, ಆ ನೋಟ ನನ್ನಿಂದ ತಡೆಯಲಾಗುತ್ತಿಲ್ಲ. ಇಷ್ಟು ಬರೆದ ಮೇಲೆ ಮುಚ್ಚಿಡುವುದೇನು, ಇವತ್ತು ಸಂಜೆ ನನ್ನ ಮನಸ್ಸು ನೀನು ಸಹಿ ಹಾಕಿ ಬಂದುಬಿಡಲಿ ಅನ್ನುತ್ತಿದೆ. ನೆಲವನ್ನು ಆಮೇಲೆ ನೋಡಿಕೊಳ್ಳೋಣ ಅನ್ನುತ್ತಿದೆ. ಆಮೇಲೆ ಎನ್ನುವುದು ನಮ್ಮಂಥವರಿಗೆ ಯಾವತ್ತೂ ಸಿಕ್ಕಿಲ್ಲ ಎಂದು ಗೊತ್ತಿದ್ದೂ.

ಅಕ್ಬರಿ ಅಕ್ಕ ನಿನಗೆ ದುವಾ ಹೇಳಿದ್ದಾಳೆ. ವಾಜಿದ್ ಸಾಬರಿಗೆ ಈಗ ಸೈಕಲ್ ತುಳಿಯಲಾಗುವುದಿಲ್ಲ, ಮೊನ್ನೆ ಬಸ್ಸಿನಲ್ಲಿ ಬಂದು ಅವ್ವನ ಪಕ್ಕ ಕೂತು ಹೋದರು. ಕೇರಿಯ ಮಕ್ಕಳೆಲ್ಲ ಮುನಿನಾರಾಯಣಣ್ಣ ಯಾವಾಗ ಬರ್ತಾನೆ ಎಂದು ಕೇಳುತ್ತವೆ. ಮೈ ನೋಡಿಕೊ. ಹಲ್ಲು ಕೀಳಿಸುತ್ತೇವೆ ಎಂದರೆ ಕೀಳಿಸಿಕೊ, ಅದಕ್ಕೂ ಹಟ ಮಾಡಬೇಡ.

ನಿನ್ನ ಧ್ವನಿ ಕೇಳಿಕೊಂಡೇ ಬೆಳೆದ ತಂಗಿ,
ಸೊಣ್ಣಮ್ಮ

ಮರೆತದ್ದಲ್ಲ, ಈಗ ಸೇರಿಸುತ್ತಿರುವುದು. ಗುರುವಾರ ಬೆಳಿಗ್ಗೆ. ಅವ್ವ ಹೋದಳು. ಕೋಳಿ ಕೂಗುವ ಹೊತ್ತಿಗೆ, ಅಕ್ಬರಿ ಅಕ್ಕನ ತೊಡೆಯ ಮೇಲೆ. ನಾನು ಬಾಯಿಗೆ ನೀರು ಬಿಟ್ಟೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನನ್ನ ಮನಸ್ಸು ಹಾಗಿತ್ತು ಎನ್ನುವುದು ನಿನಗೆ ತಿಳಿದಿರಲಿ. ಆದರೆ ಸಹಿ ಹಾಕಬೇಡ. ಸಹಿ ಹಾಕಿ ನೋಡಬೇಕಾಗಿದ್ದ ಮುಖ ಇನ್ನಿಲ್ಲ, ಉಳಿದಿರುವುದು ನೆಲ ಒಂದೇ. ನಿನ್ನ ಕೇಸಿನ ವಕೀಲರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಮಣ್ಣಿಗೆ ಬರಲು ನಿನಗೆ ಪೊಲೀಸರ ಜೊತೆಗಾದರೂ ಅಪ್ಪಣೆ ಕೊಡಿಸುತ್ತೇನೆ ಎಂದು ಕೋರ್ಟಿಗೆ ಹೊರಟಿದ್ದಾರೆ. ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಅವ್ವನನ್ನು ಅಪ್ಪನ ಪಕ್ಕದಲ್ಲೇ ಇಡುತ್ತೇವೆ. ತಂತಿ ಕತ್ತರಿಸಲು ಕೇರಿಯವರು ಬರುತ್ತಾರೆ, ಸಂಘದವರು ಅಬ್ಬಿಗೆರೆಯಿಂದಲೂ ಬರುತ್ತಾರೆ. ಜೈಲಿನ ಸಾಹೇಬರು ಇದನ್ನು ಓದಿ ಯಾರಿಗೆ ಬೇಕಾದರೂ ತಿಳಿಸಲಿ, ನಾವು ಕದ್ದು ಹೂಳುವವರಲ್ಲ. ಅಪ್ಪಣೆ ಸಿಕ್ಕರೆ ಮೊದಲ ಹಿಡಿ ಮಣ್ಣು ನಿನ್ನದು, ನೀನು ಬರುವ ತನಕ ಯಾರೂ ಹಾಕುವುದಿಲ್ಲ. ನಾಳೆ, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಸ್ಮಶಾನದಲ್ಲಿ.